ಗಿರಣಿ ಇದ್ದ ಮನೆಯ ವಿಮೆ

ಸೆಪ್ಟೆಂಬರ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ವಿಮಾ ಕಂಪನಿಯ ಸರ್ವೇಯರ್ ದಿಗ್ಗೇವಾಡಿಯ ಮಲಕವ್ವನ ಮನೆ ನೋಡಲು ಬಂದ. ಹನ್ನೆರಡಕ್ಕೆ ಹೋದ. ಹನ್ನೆರಡೂ ಹತ್ತಕ್ಕೆ ಆ ಮನೆಯಲ್ಲಿ ಮೊದಲ ಏಟು ಬಿತ್ತು.

ಸರ್ವೇಯರ್ ಹೆಸರು ಸಮಾಧಾನ, ಊರು ಚಿಕ್ಕೋಡಿ. ಮಲಕವ್ವನ ಕಿರಿಯ ಮಗ ಬಾಳೇಶ ಆಗಸ್ಟಿನಲ್ಲಿ ಮೊಬೈಲಿನಲ್ಲೇ ಮನೆ ವಿಮೆಯ ಅರ್ಜಿ ತುಂಬಿ, ವರ್ಷಕ್ಕೆಂದು ಎರಡು ಸಾವಿರದ ನಾನೂರು ರೂಪಾಯಿ ಕಟ್ಟಿದ್ದ. ಅರ್ಜಿಯಲ್ಲಿ ಬರೆದದ್ದು ಮನೆಗೆ ಹೊಂದುತ್ತದೆಯೇ ಎಂದು ನೋಡಿದ ಮೇಲೆಯೇ ಪಾಲಿಸಿ ಪಕ್ಕಾ ಆಗುವುದು.

ಮನೆ ಐದು ವರ್ಷದ್ದು. 2019ರ ಪ್ರವಾಹದಲ್ಲಿ ಮಣ್ಣಿನ ಹಳೆ ಮನೆ ಕುಸಿದಾಗ ಇವರೆಲ್ಲ ಇಪ್ಪತ್ತೆರಡು ದಿನ ಶಾಲೆಯ ಕಾಳಜಿ ಕೇಂದ್ರದಲ್ಲಿ ಮಲಗಿದ್ದರು. ಆಮೇಲೆ ಸರಕಾರದ ಪರಿಹಾರಕ್ಕೆ ಬಾಳೇಶ ತನ್ನ ಉಳಿತಾಯ ಸೇರಿಸಿ ನಾಲ್ಕು ಕೋಣೆಯ ಸ್ಲ್ಯಾಬಿನ ಮನೆ ಕಟ್ಟಿಸಿದ. ಪರಿಹಾರ ತಾಯಿಯ ಹೆಸರಿಗೆ ಬಂದದ್ದರಿಂದ ಮನೆಯೂ ಅವಳ ಹೆಸರಿನಲ್ಲಿದೆ. ಬಾಳೇಶ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯುವ ಗುಮಾಸ್ತ. ಅವನ ಹೆಂಡತಿ ಭಾಗ್ಯಾ. ಅಣ್ಣ ಭರತ ನೂರಾ ನಲವತ್ತು ಕುರಿ ಕಾಯುತ್ತಾನೆ. ಭರತನ ಹೆಂಡತಿ ಅನುಸೂಯಾ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಇವರಿಗೆ ಒಬ್ಬಳೇ ಮಗಳು, ಮಾಯಾ.

ಸಮಾಧಾನ ಟೇಪು ಹಿಡಿದು ಕೋಣೆ ಕೋಣೆ ಅಳೆದ. ಮಲಕವ್ವ ಅವನ ಬೆನ್ನಿಗೇ ಇದ್ದಳು.

"ಈ ಜಾಗಾದ ಕಿಮ್ಮತ್ತ ಹನ್ನೆರಡ ಲಾಖ ಐತಿ. ಬರಕೊ ತಮ್ಮಾ."

"ಜಾಗಾದ್ದ ಬ್ಯಾಡ್ರಿ ಆಯಿ. ಜಾಗಾ ಹೊಳ್ಯಾಗ ಹರದ ಹೋಗೂದಿಲ್ಲ. ಮನಿ ಬಿದ್ರ ತಿರುಗಿ ಕಟ್ಟಾಕ ಎಷ್ಟ ಬೇಕು, ಅದಷ್ಟ. ಸಾವಿರದೈವತ್ತ ಚದರಡಿ, ಅಡಿಗೆ ಸಾವಿರದೆಂಟನೂರ. ಹದಿನೆಂಟ ಲಾಖ ತೊಂಬತ್ತ ಸಾವಿರ ಆತು."

"ಅದಕ್ಕ ವರ್ಷಾ ಕಟ್ಟೂ ಹಪ್ತಾ?"

"ಅದು ಮನಿ ಮ್ಯಾಲ ಹೊಕ್ಕೈತ್ರಿ. ಗ್ವಾಡಿ ಎಂಥಾದು, ಮ್ಯಾಲ ಸ್ಲ್ಯಾಬೋ ತಗಡೋ, ಹೊಳಿ ಎಷ್ಟ ದೂರ, ಹಿಂದ ನೀರ ಹೊಕ್ಕಿತ್ತೋ ಇಲ್ಲೋ, ಒಳಗ ಏನ ಇಟ್ಟೀರಿ, ಏನ ಮಾಡ್ತೀರಿ. ಎಲ್ಲಾ ಕೂಡೇ ಹಪ್ತಾ. ಮತ್ತ ಒಂದೊಂದ ಕಂಪನಿದು ಒಂದೊಂದ ದರಾ."

"ಹೊಳಿ ಆರನೂರ ಮಾರ ಐತಿ. ಅದನ್ನೇನ ನಾ ಹೊತ್ತ ತಂದಿಟ್ಟಿಲ್ಲ."

"ಹೊಳಿ ಸರಸಾಕ ಆಗೂದಿಲ್ರಿ. ಸರಸಾಕ ಬರೂವಂಥಾವ ಎರಡದಾವು."

ಒಂದು ಹಿತ್ತಿಲಲ್ಲಿತ್ತು. ಟಗರುಗಳ ಮೇವಿಗೆಂದು ಒಟ್ಟಿದ ಕಣಕಿಯ, ಅಂದರೆ ಒಣ ಜೋಳದ ದಂಟಿನ ಬಣವಿ ಹಿಂದಿನ ಗೋಡೆಗೆ ಆತುಕೊಂಡಿತ್ತು. ಬೆಂಕಿ ಹತ್ತಿದರೆ ಮೊದಲು ಅಡಿಗೆಮನೆಯ ಕಿಟಕಿಗೆ ಬರುತ್ತದೆ. ಇನ್ನೊಂದು ಮುಂದಿನ ಕೋಣೆಯಲ್ಲಿತ್ತು. ಅಲ್ಲಿ ಏಳು ಡಬ್ಬಿ ಸಾಲಿನಲ್ಲಿದ್ದವು, ಏಳೂವರೆ ಎಚ್‌ಪಿ ಮೋಟಾರು ಓಡುತ್ತಿತ್ತು. ಸಮಾಧಾನ ಅರ್ಜಿಯ ಪ್ರತಿ ತೆಗೆದು ನೋಡಿದ. ಬಳಕೆ ಎಂಬಲ್ಲಿ 'ವಾಸಕ್ಕೆ ಮಾತ್ರ' ಎಂದಿತ್ತು.

"ಇದು ಗಿರಣಿ ಅಲ್ಲೇನ್ರಿ?" ಎಂದು ಅನುಸೂಯಾಳನ್ನು ಕೇಳಿದ.

ಹುಬ್ಬಿನ ಮೇಲಿನ ಹಿಟ್ಟನ್ನು ಅವಳು ಸೆರಗಿನಿಂದ ಒರೆಸಿಕೊಂಡಳು. "ಅಲ್ರಿ, ಇಮಾನ. ಹತ್ರಿ, ಮುಂಬೈಕ ಬಿಟ್ಟ ಬರ್ತೇನಿ."

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಬಾಳೇಶ ನಗಲಿಲ್ಲ.

ಸಮಾಧಾನ ಎರಡು ದಾರಿ ಹೇಳಿದ. ಬಣವಿ, ಗಿರಣಿ ಎರಡನ್ನೂ ಅರ್ಜಿಯಲ್ಲಿ ಬರೆದು ಕೊಟ್ಟರೆ ವರ್ಷಕ್ಕೆ ಏಳು ಸಾವಿರದ ಎಂಟುನೂರ ಅರವತ್ತು. ಎರಡನ್ನೂ ತೆಗೆಸಿ ದೀಪಾವಳಿಯೊಳಗೆ ಫೋಟೋ ಕಳಿಸಿದರೆ ಮೊದಲಿನ ಎರಡು ಸಾವಿರದ ನಾನೂರೇ. ಚಹಾ ಕುಡಿದು ಹೋದ.

"ಹೆಸರ ಸಮಾಧಾನ ಅಂತ," ಎಂದಳು ಮಲಕವ್ವ. "ಹಚ್ಚಿ ಹೋದದ್ದ ಜಗಳ."

"ಹೆಚ್ಚಿಂದ ನಾ ಕೊಡ್ತೇನ್ರಿ ಬಾಳೇಶಪ್ಪಾ," ಎಂದಳು ಅನುಸೂಯಾ. "ಐದ ಸಾವಿರದ ಚಿಲ್ಲರಿ. ಹದಿನೈದ ದಿನದ ಗಳಿಕಿ. ಗಿರಣಿ ಐತಿ ಅಂತ ಬರದ ಕೊಡ್ರಿ."

"ಈಗ ತಿದ್ದಿದ್ರ ಮೊದಲ ಸುಳ್ಳ ಬರದಿದ್ದ ಅಂತ ಆಗೂದಿಲ್ಲೇನು? ನಾಳೆ ನೀರ ಬಂದ ಮನಿ ಬಿತ್ತಂದ್ರ ಅದನ್ನ ಮುಂದ ಹಿಡದ ರೊಕ್ಕ ಕೊಡೂದಿಲ್ಲ. ಆಫೀಸದಾಗ ದಿನಾ ನೋಡ್ತೇನ್ರಿ ನಾ ಇಂಥಾವ. ಗಿರಣಿ ತಗೀರಿ."

"ಸುಳ್ಳ ಬರದಾವ್ರ ನೀವು. ತಗಿಯಾಕಿ ನಾನೇನು?"

ಬಾಳೇಶ ಎದುರಿಗಿದ್ದ ಡಬ್ಬಿಯನ್ನು ಒದ್ದ. ಅದು ತಾರಾಬಾಯಿ ಎಂಬವಳದು, ತುಂಬ ಜೋಳವಿತ್ತು. ಡಬ್ಬಿಯ ಅಂಚು ಅವಳ ಮೊಣಕಾಲ ಕೆಳಗೆ ಬಡಿದು ಚರ್ಮ ಹರಿಯಿತು. ಮಲಕವ್ವ ಎದ್ದು ಬಂದು, ಮೂವತ್ತಮೂರು ವರ್ಷದ ಮಗನ ಕೆನ್ನೆಗೆ ಸಾಲಿನ ಎದುರೇ ಹೊಡೆದಳು. ಅದು ಹನ್ನೆರಡೂ ಹತ್ತಕ್ಕೆ.

ಒಂದು ವಾರ ಅಣ್ಣತಮ್ಮಂದಿರು ಬೇರೆ ಬೇರೆ ಹೊತ್ತಿಗೆ ಉಂಡರು. ಹದಿನಾರನೆಯ ತಾರೀಖು ಭರತ ಕುರಿ ಹೊಡೆದುಕೊಂಡು ಹೋದ ಮೇಲೆ ಬಾಳೇಶ ಟ್ರ್ಯಾಕ್ಟರ್ ತರಿಸಿದ. ಬಣವಿ ಬಿಚ್ಚಿ, ಹಿತ್ತಿಲ ಆಚೆಯ ಬಯಲಿನಲ್ಲಿ ಕಣಕಿ ಸುರಿಸಿದ. ಮೂರು ಗಂಟೆಗೆ ಮಳೆ ಬಂತು. ಸಂಜೆ ಆರಕ್ಕೆ ಭರತ ಬಂದಾಗ ಮೇವೆಲ್ಲ ನೆನೆದು ಹಬೆಯಾಡುತ್ತಿತ್ತು.

"ಮಳಿಗಾಲದಾಗ ಬಣವಿ ಬಿಚ್ಚಾವ್ ಹೇಲ ತಿಂತಾನೇನಲೇ? ಹದಿನೆಂಟ ಟಗರಿಗೆ ನಿನ್ನ ಪಾಲಿಸಿ ಮೇಯಸ್ಲೇನು?"

"ಸ್ವಾಟಿಗೆ ಬಂದಂಗ ಮಾತಾಡಬ್ಯಾಡ. ಮನಿ ಕಟ್ಟಿದಾವ್ ನಾನು."

"ಕಟ್ಟಿದಾವ್ ನೀ ಆದ್ರ ಇದೂ ತಗೊ."

ಭರತನ ಕೈಯಲ್ಲಿ ಕುರಿ ಕಾಯುವ ಕೋಲಿತ್ತು, ಆರು ಅಡಿಯದು. ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ. ಬಾಳೇಶ ಕೆಳಗೆ ಬಿದ್ದವನು ಕಲ್ಲು ಹುಡುಕಿ ಎಸೆದ. ಅದು ಅಣ್ಣನ ಬಾಯಿಗೆ ತಗುಲಿ ಮುಂದಿನ ಹಲ್ಲು ಒಂದು ಹೋಯಿತು. ಭಾಗ್ಯಾ ನಡುವೆ ಬಂದು ಗಂಡನ ಮೇಲೆ ಅಡ್ಡ ಬಿದ್ದಾಗ ಮೂರನೆಯ ಏಟು ಅವಳ ಬೆನ್ನಿಗೆ ಬಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಬಾಳೇಶನ ತಲೆಗೆ ಐದು ಹೊಲಿಗೆ ಹಾಕಿದರು.

ನವರಾತ್ರಿಗೆ ಘಟ ಕೂತ ಒಂಬತ್ತು ದಿನ ಮನೆಯಲ್ಲಿ ಜಗಳ ಮಾಡಬಾರದೆಂದು ಮಲಕವ್ವ ತಾಕೀತು ಮಾಡಿದ್ದಳು. ಯಾರೂ ಮಾಡಲಿಲ್ಲ. ದಸರೆಯ ದಿನ ಬನ್ನಿ ಕೊಟ್ಟುಕೊಳ್ಳುವಾಗ ಬಾಳೇಶ ಅಣ್ಣನ ಕಾಲು ಮುಟ್ಟಿದ, ಭರತ ಎತ್ತಿ ಅಪ್ಪಿಕೊಂಡ. ಮಧ್ಯಾಹ್ನ ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರು. ಹೋಳಿಗೆ, ಕಟ್ಟಿನ ಸಾರು. ಅನುಸೂಯಾ ಬಡಿಸುತ್ತಿದ್ದಳು.

"ಬಣವಿ ಇನ್ನ ಮೂವತ್ತಡಿ ಆಚೆ ಒಟ್ಟತೇನಿ," ಎಂದ ಭರತ.

"ಹಂಗಾದ್ರ ಗಿರಣಿ?"

"ಅದನ್ನೂ ತಗದ ಬಿಡು."

ಅನುಸೂಯಾಳ ಕೈಯ ಸೌಟು ನಿಂತಿತು. "ಯಾರದ್ದ ಯಾರ ತಗೀತೀರಿ?"

"ಐದ ವರ್ಷ ಆತು, ಹಾದಿಯಾಗ ನಾ ಕೂಲಿಯವನ ಹೆಂಡತಿ ಕೈಯಾಗಿನ ಹಸಿ ರೊಟ್ಟಿ ತಿನ್ನಾಕತ್ತು," ಎಂದ ಭರತ, ತಟ್ಟೆಯಿಂದ ಮುಖ ಎತ್ತದೆ. "ಎಲ್ಲಾರ ಹೆಂಡರೂ ಕುರಿ ಹಿಂದ ಬರ್ತಾರ. ನನ್ನ ಹೆಂಡತಿ ಸಾವ್ಕಾರತಿ. ಈ ಸಲ ಪಾಡ್ಯಾ ಆದ ಮ್ಯಾಲ ನೀನೂ ಹೊರಡು, ಮಾಯಾನೂ ಹೊರಡಲಿ."

"ಮಾಯಾ ಏಳನೇತ್ತಾ ಅದಾಳ."

"ಏಳನೇತ್ತಾ ಕಲತ ಏನ ಕಲೆಕ್ಟರ ಆಗ್ತಾಳ?"

ಮದುವೆಯಾದ ಮೇಲೆ ಎಂಟು ವರ್ಷ ಅನುಸೂಯಾ ಕುರಿಯ ಹಿಂದೆ ನಡೆದಿದ್ದಳು. ದೀಪಾವಳಿ ಪಾಡ್ಯ ಮುಗಿದರೆ ಕುದುರೆಯ ಮೇಲೆ ಪಾತ್ರೆ, ಕಂಬಳಿ ಹೇರಿಕೊಂಡು ಹೊರಡುವುದು, ಮಳೆಗಾಲಕ್ಕೆ ತಿರುಗುವುದು. ಮಾಯಾ ಹುಟ್ಟಿದ್ದು ಮಿರಜದ ಹತ್ತಿರ ಒಬ್ಬರ ಕಬ್ಬಿನ ಹೊಲದ ಬದುವಿನಲ್ಲಿ. ಅವಳ ಬೆನ್ನಿಗೆ ಹುಟ್ಟಿದ ಗಂಡು ಕೂಸು ಜ್ವರ ಬಂದು ಹಾದಿಯಲ್ಲೇ ಸತ್ತಿತ್ತು, ಆಸ್ಪತ್ರೆ ಹನ್ನೊಂದು ಕಿಲೋಮೀಟರ್ ದೂರವಿತ್ತು. 2020ರಲ್ಲಿ ತವರಿನ ಬಂಗಾರದ ಪಾಟ್ಲಿ ಬಳೆ ಮಾರಿ ಗಿರಣಿ ಹಾಕಿದಳು. ಮಗಳನ್ನು ಶಾಲೆಗೆ ಸೇರಿಸಿದಳು. ಗಿರಣಿ ಹೋದರೆ ಮನೆಯಲ್ಲಿ ನಿಲ್ಲಲು ಅವಳಿಗೆ ಬೇರೆ ಕಾರಣವಿರಲಿಲ್ಲ.

"ಅತ್ತಿ, ನೀವರ ಹೇಳ್ರಿ," ಎಂದಳು.

ಮಲಕವ್ವ ತಾನೂ ಮೂವತ್ತು ವರ್ಷ ನಡೆದವಳು. "ಉಣ್ಣೂ ಹೊತ್ತಿನಾಗ ಬ್ಯಾಡ," ಎಂದಷ್ಟೇ ಹೇಳಿದಳು.

ಅಕ್ಟೋಬರ್ ಎಂಟು, ಬುಧವಾರ, ಬೆಳಿಗ್ಗೆ ಏಳೂ ಹತ್ತು. ಅನುಸೂಯಾ ನೀರು ತುಂಬಿಸಿಕೊಂಡು ಒಳಗೆ ಬಂದಾಗ ಬಾಳೇಶ ಗಿರಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಬಲಗೈಯಲ್ಲಿ ಕುಡುಗೋಲು. ಮೋಟಾರಿನಿಂದ ಗಿರಣಿಗೆ ಹೋಗುವ ಪಟ್ಟಾದ ಕೆಳಗೆ ಅದನ್ನು ತೂರಿಸಿ ಕೊಯ್ಯುತ್ತಿದ್ದ. ಬೋಲ್ಟು ಬಿಚ್ಚಲು ಪಾನಾ ಪಕ್ಕಕ್ಕಿತ್ತು.

ಅವಳು ಕೊಡ ಇಳಿಸಿ, ಗೋಡೆಯ ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು.

"ಕೈ ತಗೀರಿ."

"ಹೋಗ ವೈನಿ, ಒಳಗ ಹೋಗು. ಚಹಾ ಮಾಡು."

"ಮೂರ ಎಣಿಸ್ತೇನಿ. ಕೈ ತಗೀರಿ."

"ಹಚ್ಚು. ನೋಡೂಣು, ನಿನ್ನ ಧೈರ್ಯ ಎಷ್ಟೈತಿ."

"ಒಂದು."

"ಅಣ್ಣಾ, ಇಲ್ಲಿ ಬಾರೋ! ನಿನ್ನ ಹೆಂಡತಿ ಲೆಕ್ಕಾ ಕಲ್ತಾಳ ನೋಡು."

"ಎರಡು. ಮೂರು."

ಅವಳು ಸ್ವಿಚ್ಚು ಒತ್ತಿದಳು. ಅರ್ಧ ಕೊಯ್ದಿದ್ದ ಪಟ್ಟಾ ತುಂಡಾಗುವ ಮೊದಲು ಒಂದೂವರೆ ಸುತ್ತು ತಿರುಗಿತು. ಅಷ್ಟರಲ್ಲಿ ಅದು ಬಾಳೇಶನ ಕೈಯನ್ನು ಗಾಲಿಯೊಳಗೆ ಎಳೆದುಕೊಂಡಿತು. ಕುಡುಗೋಲು ಹಾರಿ ಬಾಗಿಲಿಗೆ ಬಡಿಯಿತು. ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಹೋದವು. ರಕ್ತ ಗೋಡೆಯ ಮೇಲೆ ಅವಳ ತಲೆಯ ಎತ್ತರದವರೆಗೂ ಸಿಡಿದಿತ್ತು.

ಭರತ ಹಲ್ಲುಜ್ಜುತ್ತಿದ್ದವನು ಓಡಿ ಬಂದ. ತಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡ. ಎಷ್ಟು ಏಟು ಬಿದ್ದವು ಎಂದು ಆಮೇಲೆ ಯಾರೂ ಸರಿಯಾಗಿ ಹೇಳಲಿಲ್ಲ. ಭಾಗ್ಯಾ ಏಳು ಎಂದಳು, ಮಲಕವ್ವ ಹತ್ತು ಎಂದಳು. ಮಲಕವ್ವ ಮಗನ ಕಾಲು ಹಿಡಿದುಕೊಂಡು ನೆಲದ ಮೇಲೆ ಎಳೆಸಿಕೊಂಡಳು. ಮಾಯಾ ಶಾಲೆಯ ಸಮವಸ್ತ್ರದಲ್ಲಿ ಬಾಗಿಲಲ್ಲಿ ನಿಂತು, "ಅಪ್ಪಾ ಬಿಡು, ಅಪ್ಪಾ ಬಿಡು" ಎಂದು ಒಂದೇ ಸಮನೆ ಕೂಗುತ್ತಿದ್ದಳು. ಕೋಲು ಮುರಿದ ಮೇಲೆ ಭರತ ನಿಂತ. ಅನುಸೂಯಾಳ ಎಡಗಡೆಯ ಕೊರಳೆಲುಬು ಮುರಿದಿತ್ತು.

ಒಂದು ಬೆರಳು ಹಿಟ್ಟಿನಲ್ಲಿ ಸಿಕ್ಕಿತು. ಭಾಗ್ಯಾ ಅದನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮಿರಜಕ್ಕೆ ಒಯ್ದಳು. ಜೋಡಿಸಲು ಬರುವುದಿಲ್ಲ ಎಂದರು. ಆಸ್ಪತ್ರೆಯ ದಾಖಲೆಯಲ್ಲಿ ಬಾಳೇಶನದು 'ಗಿರಣಿಗೆ ಸಿಕ್ಕು ಆದ ಗಾಯ', ಅನುಸೂಯಾಳದು 'ಬಿದ್ದು ಆದ ಗಾಯ'. ಎರಡನ್ನೂ ಹೇಳಿ ಬರೆಸಿದವನು ಭರತ. ಪೊಲೀಸರು ಬರಲಿಲ್ಲ.

ಹನ್ನೆರಡನೆಯ ತಾರೀಖು ಭಾನುವಾರ, ಐಗಳಿಯಿಂದ ಅನುಸೂಯಾಳ ಅಣ್ಣ ಬೀರದೇವ ಸಣ್ಣ ಟೆಂಪೋ ತೆಗೆದುಕೊಂಡು ಇಬ್ಬರು ಆಳುಗಳ ಜೊತೆ ಬಂದ. ಗಿರಣಿ ಬಿಚ್ಚಲು ಶುರು ಮಾಡಿದ. ಭರತ ಬಾಗಿಲಿಗೆ ಅಡ್ಡ ನಿಂತ.

"ಆಚೆ ಸರಿ ಮಾವಾ," ಎಂದ ಬೀರದೇವ. ಅವನ ಸೊಂಟದಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. "ಎಲಬ ಮುರಿಯಾಕ ನನಗೂ ಬರ್ತೈತಿ."

"ಒಯ್ಯಲಿ ಬಿಡು," ಎಂದಳು ಮಲಕವ್ವ. "ಮನಿ ನಂದು. ಗಿರಣಿ ಅಕೀದು. ಅಕೀ ತವರಿನ ಪಾಟ್ಲಿ ಅದು. ನೀವಿಬ್ರೂ ತಗೀಬೇಕಂತಿದ್ರಿಲ್ಲ, ಹೊಂಟೈತಿ ನೋಡ್ರಿ."

ಭರತ ಸರಿದ. ಆದರೆ ಟೆಂಪೋ ಹತ್ತಲು ಬಂದ ಮಾಯಾಳ ಜಡೆ ಹಿಡಿದು ಹಿಂದಕ್ಕೆಳೆದ. "ಗಿರಣಿ ಒಯ್ರಿ. ಪೋರಿ ನನ್ನಾಕಿ."

ಬೀರದೇವ ಕೊಯ್ತಾ ತೆಗೆದ. ಆಳುಗಳು ಅವನನ್ನು ಹಿಡಿದರು. ಬಾಯಿಗೆ ಬಾಯಿ ನಡೆಯಿತು, ಊರಿನವರು ಸೇರಿದರು. ಅಪ್ಪನ ಮನೆಯ ಹುಡುಗಿ ಅಪ್ಪನ ಮನೆಯಲ್ಲೇ ಇರಲಿ ಎಂದು ಹಿರಿಯರು ಹೇಳಿದರು. ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ಅನುಸೂಯಾ ಟೆಂಪೋದ ಹಿಂದೆ ಗಿರಣಿಯ ಪಕ್ಕ ಕೂತು ಹೋದಳು.

ಖಾಲಿ ಕೋಣೆಯ ಫೋಟೋವನ್ನು ಭಾಗ್ಯಾ ತೆಗೆದಳು, ಬಾಳೇಶನ ಕೈಗೆ ಇನ್ನೂ ಬ್ಯಾಂಡೇಜಿತ್ತು. ಗೋಡೆಗೆ ಮೊದಲೇ ಸುಣ್ಣ ಬಳಿಸಿದ್ದರು. ದೀಪಾವಳಿಯೊಳಗೆ ಫೋಟೋ ಕಂಪನಿಗೆ ಹೋಯಿತು.

ಪಾಡ್ಯ ಮುಗಿದು ಭರತ ಕುರಿ ಹೊರಡಿಸಿದ. ರೊಟ್ಟಿ ಬಡಿಯಲು ಮಾಯಾಳನ್ನು ಕರೆದುಕೊಂಡ. ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನೇ ಹಾದಿಗೆ ಕಳಿಸುವುದಿಲ್ಲ ಎಂದು ಮಲಕವ್ವ ತಾನೂ ಹೊರಟಳು. ಅರವತ್ತೆಂಟು ವರ್ಷ ಅವಳಿಗೆ. ನವೆಂಬರ್ ಒಂದರಂದು ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿತು. ನಾಲ್ಕು ತಿಂಗಳು ಮೂರು ಪಾಳಿಯ ಕೆಲಸ. ಬಾಳೇಶನಿಗೆ ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕಿತ್ತು, ಇಬ್ಬರೂ ಕಾರ್ಖಾನೆಯ ಕ್ವಾರ್ಟರ್ಸಿಗೆ ಹೋದರು. ಅಂದೇ ಮನೆಗೆ ಬೀಗ ಬಿತ್ತು.

ಪಾಲಿಸಿ ನವೆಂಬರ್ ಹತ್ತಕ್ಕೆ ಬಂತು. ಇಪ್ಪತ್ತೊಂದು ಪುಟ. ಭಾಗ್ಯಾ ಹತ್ತನೆಯವರೆಗೆ ಓದಿದವಳು. ಸಂಜೆ ಅನ್ನ ಇಟ್ಟು ಕನ್ನಡದ ಪ್ರತಿ ಓದುತ್ತಾ ಹದಿನಾಲ್ಕನೆಯ ಪುಟಕ್ಕೆ ಬಂದಳು.

"ಇಲ್ನೋಡ್ರಿ. ಮನಿ ಮೂವತ್ತ ದಿನದಕಿಂತ ಹೆಚ್ಚ ಸತತ ಖಾಲಿ ಇದ್ರ ವಿಮಾ ನಿಲ್ಲತೈತಿ ಅಂತ ಬರದಾರ."

ಬಾಳೇಶ ಸಮಾಧಾನನಿಗೆ ಫೋನ್ ಮಾಡಿದ.

"ಹೌದ್ರಿ," ಎಂದ ಸಮಾಧಾನ. "ಖಾಲಿ ಮನ್ಯಾಗ ಕಳುವು ಆದ್ರೂ, ಬೆಂಕಿ ಬಿದ್ರೂ ನೋಡಾವ್ರ ಇರೂದಿಲ್ಲ. ಮೊದ್ಲ ತಿಳಸಿ ಕಂಪನಿ ಒಪ್ಪಿಗಿ ತಗೊಂಡಿದ್ರ ಬ್ಯಾರೆ, ಅದಕ್ಕೂ ಹಪ್ತಾ ಏರತೈತಿ. ಅಂದಂಗ, ನಿಮ್ಮ ಮನ್ಯಾಗ ಗಿರಣಿ ಹಾಕಿದಾವ್ರ ಕಾಯಂ ಇರ್ತಿದ್ದರಿಲ್ಲ? ನಾ ಬಂದಾಗ ಅದನ್ನ ಬರಕೊಂಡಿದ್ನಿ, ಮನಿ ಎಂದೂ ಖಾಲಿ ಇರೂದಿಲ್ಲಂತ."

ಬಾಳೇಶ ಫೋನ್ ಇಟ್ಟ. ಅನ್ನ ಹೊತ್ತಿತ್ತು. ಅವನು ಪಾತ್ರೆಯನ್ನು ಎಡಗೈಯಿಂದ ಎತ್ತಿ ಗೋಡೆಗೆ ಎಸೆದ. ಬಿಸಿ ಅನ್ನ ಭಾಗ್ಯಾಳ ತೋಳಿಗೆ ಸಿಡಿಯಿತು.

"ಎಸೀರಿ, ಎಸೀರಿ," ಎಂದಳು ಭಾಗ್ಯಾ, ತೋಳನ್ನು ನೀರಿಗೆ ಹಿಡಿದು. "ಇನ್ನೂ ಎಂಟ ಬೆರಳ ಅದಾವಲ್ಲ."

ಇಪ್ಪತ್ತಮೂರನೆಯ ತಾರೀಖು ಭಾನುವಾರ ಅವನು ಐಗಳಿಗೆ ಹೋದ. ಬೀರದೇವನ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಿರಣಿ ಕೂತಿತ್ತು, ಹೊಸ ಪಟ್ಟಾ ಹಾಕಿತ್ತು. ಅನುಸೂಯಾ ಬಲಗೈಯೊಂದರಲ್ಲೇ ಹಿಟ್ಟು ತುಂಬುತ್ತಿದ್ದಳು.

"ವೈನಿ, ಮನಿಗೆ ಬರ್ರಿ. ಗಿರಣಿನೂ ತಗೊಂಡ ಬರ್ರಿ. ಹೊಸಾ ಅರ್ಜಿ ತುಂಬತೇನಿ, ಗಿರಣಿ ಐತಿ ಅಂತನ ಬರೀತೇನಿ. ಹಪ್ತಾ ಎಷ್ಟರ ಆಗಲಿ."

"ನನ್ನ ಮಗಳ ಎಲ್ಲದಾಳ?"

"ಕಾಗವಾಡದ ಆಚೆ ಕುರಿ ನಿಲ್ಲಿಸ್ಯಾರಂತ."

"ಮೊದಲ ಅಕೀನ್ನ ತಂದ ಬಿಡ್ರಿ. ಆಮ್ಯಾಲ ಮಾತಾಡೂಣು."

ನವೆಂಬರ್ ಇಪ್ಪತ್ತೊಂಬತ್ತು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಬಾಳೇಶ ಬಾಡಿಗೆಯ ಟಂಟಂ ರಿಕ್ಷಾ ಮಾಡಿಕೊಂಡು ಕುರಿ ನಿಲ್ಲಿಸಿದ್ದ ಹೊಲಕ್ಕೆ ಹೋದ. ಮಾಯಾ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಎಡಗೈಯ ಮೇಲೆ ಸುಟ್ಟ ಬೊಬ್ಬೆಗಳಿದ್ದವು.

"ಪೋರಿನ್ನ ಕರಕೊಂಡ ಹೋಗಾಕ ಬಂದೇನಿ," ಎಂದ ಬಾಳೇಶ.

"ಯಾರ ಅಪ್ಪನ ಮನಿಗೆ?" ಭರತ ಎದ್ದ.

"ಮನಿ ಉಳೀಬೇಕಂದ್ರ ವೈನಿ ಬರಬೇಕು. ವೈನಿ ಬರಬೇಕಂದ್ರ ಮಾಯಾ ಹೋಗಬೇಕು. ಇನ್ನ ಎರಡ ದಿನಾ ಅಷ್ಟ ಉಳದಾವು."

"ಬೆರಳ ಕಡದಾಕಿ ಕಾಲ ಹಿಡೀತಿ? ಥೂ!"

ಹೊಸ ಕೋಲು ಮೊದಲಿನದಕ್ಕಿಂತ ದಪ್ಪಗಿತ್ತು. ಬಾಳೇಶ ಎಡಗೈ ಅಡ್ಡ ಹಿಡಿದ, ಏಟು ಮುಂಗೈಗೆ ಬಿತ್ತು. ಅವನು ತಲೆ ತಗ್ಗಿಸಿ ಅಣ್ಣನ ಹೊಟ್ಟೆಗೆ ಗುದ್ದಿದ. ಇಬ್ಬರೂ ಒಲೆಯ ಮೇಲೆ ಉರುಳಿದರು, ಭರತನ ಬೆನ್ನು ಕೆಂಡಕ್ಕೆ ತಾಗಿತು. ಕುರಿಗಳು ಚದುರಿದವು, ನಾಯಿಗಳು ಯಾರನ್ನು ಕಚ್ಚಬೇಕೆಂದು ತಿಳಿಯದೆ ಸುತ್ತಲೂ ಬೊಗಳಿದವು. ಮಲಕವ್ವ ಮೊಮ್ಮಗಳ ರಟ್ಟೆ ಹಿಡಿದು ಟಂಟಂಗೆ ಹತ್ತಿಸಿದಳು.

"ನಡಿ, ಗಾಡಿ ಹೊಡಿ," ಎಂದು ಚಾಲಕನಿಗೆ ಹೇಳಿದಳು.

"ಆಯಿ, ಅವ್ರು?"

"ಅವ್ರ ಹೊಡದಾಡ್ಲಿ. ನನ್ನ ಹೊಟ್ಟ್ಯಾಗ ಇದ್ದಾಗ್ಲೂ ಸುಮ್ಕ ಇರಲಿಲ್ಲ."

ಬಾಳೇಶ ಓಡಿ ಬಂದು ಹತ್ತಿಕೊಂಡ. ಭರತ ಎಸೆದ ಕಲ್ಲಿಗೆ ಮುಂದಿನ ಗಾಜು ಒಡೆಯಿತು. ಗಾಡಿ ನಿಲ್ಲ​ಲಿಲ್ಲ. ಮಲಕವ್ವ ಹೊಲದಲ್ಲೇ ಉಳಿದಳು.

ಹನ್ನೆರಡರ ಹೊತ್ತಿಗೆ ಐಗಳಿ ಮುಟ್ಟಿದರು. ಮಾಯಾ ತಾಯಿಯ ಸೊಂಟ ಹಿಡಿದು ನಿಂತಳು. ಅನುಸೂಯಾ ಅವಳ ಬೊಬ್ಬೆಗಳನ್ನು ಒಂದೊಂದಾಗಿ ನೋಡಿದಳು. ಬಾಳೇಶ ಕಟ್ಟೆಯ ಮೇಲೆ ಕೂತು ಊದಿದ ಮುಂಗೈ ಒತ್ತಿಕೊಳ್ಳುತ್ತಿದ್ದ.

"ನಡೀರಿ ವೈನಿ. ಇವತ್ತ ಸಂಜಿಕ ಬೀಗಾ ತಗದ್ರ ಎಲ್ಲಾ ಸರಿ ಹೊಕ್ಕೈತಿ."

"ಆ ಮನಿಗೆ ನಾ ಬರೂದಿಲ್ಲ."

"ಮಾತ ಕೊಟ್ಟಿದ್ರಿ!"

"ಆಮ್ಯಾಲ ಮಾತಾಡೂಣು ಅಂದಿದ್ನಿ. ಮಾತಾಡಾಕತ್ತೇನಿ."

ಬಾಳೇಶ ಎದ್ದು ಅವಳ ಕಡೆ ಎರಡು ಹೆಜ್ಜೆ ಇಟ್ಟ. ಬೀರದೇವ ಒಳಗಿನಿಂದ ಬಂದು ಅವನ ಎದೆಗೆ ಒದ್ದ. ಅವನು ಕಟ್ಟೆಯಿಂದ ಕೆಳಗೆ ಬಿದ್ದ. ಎದ್ದು ಅಂಗಿ ಕೊಡವಿಕೊಂಡು, ಒಡೆದ ಗಾಜಿನ ಟಂಟಂ ಹತ್ತಿ ಹೋದ. ಸಂಜೆ ಪಾಳಿಗೆ ಹಾಜರಾಗಬೇಕಿತ್ತು.

ಡಿಸೆಂಬರ್ ಒಂದು, ಸೋಮವಾರ, ದಿಗ್ಗೇವಾಡಿಯ ಮನೆಗೆ ಬೀಗ ಬಿದ್ದು ಮೂವತ್ತೊಂದನೆಯ ದಿನ. ಅಂದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಐಗಳಿಯ ಶಾಲೆಯಲ್ಲಿ ಮಾಯಾಳ ಹೆಸರನ್ನು ಏಳನೆಯ ತರಗತಿಯ ಹಾಜರಿಗೆ ಸೇರಿಸಿದರು. ವರ್ಗಾವಣೆ ಪತ್ರವನ್ನು ಹಳೆಯ ಶಾಲೆಯಿಂದ ತಾವೇ ತರಿಸಿಕೊಳ್ಳುವುದಾಗಿ ಮುಖ್ಯೋಪಾಧ್ಯಾಯರು ಹೇಳಿದರು.